ಶಿಫಾಳ ದೇಶದ ಬಗ್ಗೆ ನಾನು ಹೇಳಿದ ಸುಳ್ಳು

ನಾನು ಸುಳ್ಳು ಹೇಳಿದೆ. ಬಾಯಿತಪ್ಪಿ ಅಲ್ಲ, ತಿಳಿಯದೆಯೂ ಅಲ್ಲ — ಗೊತ್ತಿದ್ದೂ, ನೆಟ್ಟಗೆ ಕೂತು, ಸ್ಪಷ್ಟ ದನಿಯಲ್ಲಿ ಹೇಳಿದೆ. ಆ ಸುಳ್ಳಿನಿಂದಾಗಿ ಒಬ್ಬ ಹೆಂಗಸು ಕಾಯಿಲೆಯ ತಾಯಿಯನ್ನು ಕರೆದುಕೊಂಡು ನಮ್ಮ ದೇಶ ಬಿಡಬೇಕಾಯಿತು.

ಇದು ಎರಡು ಸಾವಿರದ ದಶಕದ ನಡುವಿನ ಮಾತು. ನಾನು ಕಾಸರಗೋಡಿನವನು, ಕಾನೂನು ಓದಿ ಕೊಚ್ಚಿಯ ಒಂದು ಸರಕಾರಿ ಕಚೇರಿಯಲ್ಲಿದ್ದೆ. ಕಡಲಾಚೆಯ ನೆರೆದೇಶಗಳಲ್ಲಿ ಏನಾಗುತ್ತಿದೆ, ಅದರಿಂದ ನಮ್ಮ ಭದ್ರತೆಗೆ ಏನು ಅಪಾಯ ಎಂದು ಗಮನಿಸಿ ಮೇಲಿನವರಿಗೆ ತಿಳಿಸುವುದು ನಮ್ಮ ಕೆಲಸ. ನನ್ನ ಪಾಲಿಗೆ ಬಂದದ್ದು ಮಾಲ್ಡೀವ್ಸ್. ಅಲ್ಲಿ ಆಗ ಗಲಭೆ. ದಶಕಗಳಿಂದ ಒಬ್ಬರೇ ಆಳುತ್ತಿದ್ದ ನಾಡಿನಲ್ಲಿ ಜನ ನಿಜವಾದ ಚುನಾವಣೆ ಕೇಳುತ್ತಿದ್ದರು. ಕೇಳಿದವರು ಜೈಲು ಸೇರುತ್ತಿದ್ದರು. ನಮ್ಮ ಕಚೇರಿಯ ಧೋರಣೆ ಸರಳವಾಗಿತ್ತು: ಆಳುವವರನ್ನು ಅಲುಗಾಡಿಸಬಾರದು. ಆ ಪುಟ್ಟ ದೇಶ ಕುಸಿದರೆ ಖಾಲಿಯಾದ ಕುರ್ಚಿಯಲ್ಲಿ ಯಾರು ಬಂದು ಕೂರುತ್ತಾರೋ! ಪಕ್ಕದ ಮನೆಗೆ ಬೆಂಕಿ ಬಿದ್ದರೆ ನಮ್ಮ ಮಾಡು ಉಳಿದೀತೇ? ಈ ವಾದವನ್ನು ನಾನು ಮನಸಾರೆ ನಂಬಿದ್ದೆ. ಪೂರ್ತಿ ತಪ್ಪೆಂದು ಇವತ್ತೂ ಅನ್ನುವುದಿಲ್ಲ.

ಮಾಲ್ಡೀವ್ಸಿನವರು ಔಷಧಿಗೆ, ಮಕ್ಕಳ ಓದಿಗೆ ಬರುವುದು ತಿರುವನಂತಪುರಕ್ಕೆ. ಅವರ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯಲು ನಾನು ಆಗಾಗ ರೈಲು ಹತ್ತಿ ಅಲ್ಲಿನ ತಂಪಾನೂರು ನಿಲ್ದಾಣದಲ್ಲಿ ಇಳಿಯುತ್ತಿದ್ದೆ. ಶಿಫಾ ಪರಿಚಯವಾದದ್ದು ಹಾಗೆ. ಶಾಲೆಯಲ್ಲಿ ಪಾಠ ಹೇಳುತ್ತಿದ್ದವಳು. ತಾಯಿಗೆ ಡಯಾಲಿಸಿಸ್ ಮಾಡಿಸಲು ಬಂದು ಆಸ್ಪತ್ರೆಯ ಹತ್ತಿರವೇ ಮನೆ ಹಿಡಿದಿದ್ದಳು. ಅವಳ ತಮ್ಮ ಊರಿನಲ್ಲಿ ಮೆರವಣಿಗೆಗೆ ಹೋಗಿ ಜೈಲಿನಲ್ಲಿದ್ದ. ನಾನು ಯಾವ ಕೆಲಸದವನೆಂದು ಮುಚ್ಚಿಡಲಿಲ್ಲ. ಅದಕ್ಕೇ ಅವಳು ನಂಬಿದಳೋ ಏನೋ — ಭಾರತದ ಕಿವಿಗೆ ಒಂದು ಮಾತು ಮುಟ್ಟಿದರೆ ತಮ್ಮನಿಗೆ ಒಳ್ಳೆಯದಾದೀತು ಎಂದು.

ಚಾಲೈ ಬಜಾರಿನಲ್ಲಿ ತಾಯಿಗೆ ಬಟ್ಟೆ ಕೊಳ್ಳುತ್ತ ಅವಳು ಒಮ್ಮೆ ಹೇಳಿದ್ದನ್ನು ಮರೆತಿಲ್ಲ. ಅವಳ ಮಲಯಾಳ ನನ್ನದಕ್ಕಿಂತ ಚೆನ್ನಾಗಿತ್ತು. "ನಮ್ಮಲ್ಲಿ ಮತದ ಹಕ್ಕು ಕೇಳುವವರು ಬೇರೆ, ಮತಾಂಧರು ಬೇರೆ ಸಾರ್. ಆ ಜನಕ್ಕೆ ಸರಕಾರಕ್ಕಿಂತ ನಮ್ಮ ಮೇಲೆಯೇ ದ್ವೇಷ ಜಾಸ್ತಿ. ಇದೊಂದನ್ನು ನಿಮ್ಮವರಿಗೆ ತಿಳಿಸಿ."

ಅದು ನಿಜವೆಂದು ನನಗೆ ಗೊತ್ತಿತ್ತು. ಹಲವರನ್ನು ಕಂಡು, ಕೇಳಿ, ಖಾತ್ರಿ ಮಾಡಿಕೊಂಡಿದ್ದೆ.

ತಾಯಿಯನ್ನು ಇನ್ನೊಬ್ಬ ವೈದ್ಯರಿಗೆ ತೋರಿಸಲು ಶಿಫಾ ಕೊಚ್ಚಿಗೆ ಬಂದಾಗ ಇಬ್ಬರೂ ವೈಟ್ಟಿಲದ ನಮ್ಮ ಮನೆಯಲ್ಲಿ ಉಳಿದುಕೊಂಡರು. ನನ್ನ ಹೆಂಡತಿ ಸುಮನಾ ನೀರುದೋಸೆ ಮಾಡಿದಳು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮಲಯಾಳದಲ್ಲೇ ಉತ್ತರಿಸುವ ನಮ್ಮ ಮಗಳಿಗೆ ಶಿಫಾ ತಟ್ಟನೆ ಹತ್ತಿರವಾದಳು. ಶಿಫಾಳ ತಾಯಿ ನನ್ನ ತಲೆ ಮುಟ್ಟಿ ಅವರ ಭಾಷೆಯಲ್ಲಿ ಏನೋ ಹರಸಿದರು — ಏನೆಂದು ನಾನು ಕೇಳಲಿಲ್ಲ.

ಅದಾಗಿ ಕೆಲವೇ ವಾರಗಳಲ್ಲಿ ಆ ಸಭೆ. ದೆಹಲಿಯಿಂದ ಹಿರಿಯರೊಬ್ಬರು ಬಂದಿದ್ದರು. ಬೇರೆ ವಿಭಾಗದವರು ತಮ್ಮ ತಮ್ಮ ಅಪಾಯಗಳನ್ನು ಬಣ್ಣಿಸುತ್ತಿದ್ದರೆ ಅವರು ಮುಂದೆ ಬಾಗಿ ಕೇಳುತ್ತಿದ್ದರು. ನನ್ನ ಸರದಿ ಬಂದಾಗ ಗಡಿಯಾರ ನೋಡಿಕೊಂಡರು. "ತಿರುವನಂತಪುರದಲ್ಲಿ ಇರುವ ಮಾಲ್ಡೀವ್ಸಿನವರಿಗೆ ಮತಾಂಧರ ಸಂಪರ್ಕ ಇದೆಯೋ?" ಎಂದು ಕೇಳಿದರು.

ಇಲ್ಲ ಎಂದರೆ ಮುಗಿಯುತ್ತಿತ್ತು. ಆದರೆ ಇಲ್ಲ ಎಂದವನ ಕಡೆ ಯಾರು ತಿರುಗಿ ನೋಡುತ್ತಾರೆ?

"ಇದೆ ಸರ್," ಎಂದೆ. "ನಾನೇ ಕಂಡಿದ್ದೇನೆ."

ಅವರು ಕುರ್ಚಿ ಎಳೆದುಕೊಂಡರು. ಯಾರು ಎಂದು ಕೇಳಿದರು. ನನಗೆ ಆ ಗಳಿಗೆಯಲ್ಲಿ ಬಾಯಿಗೆ ಬಂದದ್ದು — ನಾನು ಚೆನ್ನಾಗಿ ಬಲ್ಲ ಒಂದೇ ಹೆಸರು, ಶಿಫಾಳದು. ಅವಳ ತಮ್ಮ ಜೈಲಿನಲ್ಲಿದ್ದಾನೆ ಎಂಬುದನ್ನೂ ಸೇರಿಸಿದೆ. ಅದರಿಂದ ಮಾತಿಗೆ ತೂಕ ಬಂತು. ಹೊರಗೆ ಬಂದಾಗ ನನ್ನ ಮೇಲಧಿಕಾರಿ ಬೆನ್ನು ತಟ್ಟಿದರು. ನಾನು ಹಿಗ್ಗಿದೆ — ಹೌದು, ಹಿಗ್ಗಿದೆ.

ಶಿಫಾಳ ವೀಸಾ ಮುಂದುವರಿಯಲಿಲ್ಲ. ಅವಳು ಫೋನು ಮಾಡಿದ್ದು ನನಗೇ. ತಾಯಿಯ ಚಿಕಿತ್ಸೆ ನಿಲ್ಲಿಸುವಂತಿಲ್ಲ, ಊರಿನಲ್ಲಿ ಡಯಾಲಿಸಿಸ್ ಯಂತ್ರಕ್ಕೆ ಸರದಿ ಕಾಯಬೇಕು, ಏನಾದರೂ ಮಾಡಿ ಎಂದಳು. ಪ್ರಯತ್ನ ಮಾಡುತ್ತೇನೆ ಅಂದೆ. ಮಾಡಲಿಲ್ಲ — ಮಾಡಬೇಕಾದರೆ ಹೇಳಿದ್ದನ್ನು ಹಿಂದೆ ತೆಗೆದುಕೊಳ್ಳಬೇಕಿತ್ತು. ಅವರು ಹೊರಟುಹೋದರು. ಮಳೆಗಾಲ ಮುಗಿಯುವ ಮೊದಲೇ ತಾಯಿ ತೀರಿಕೊಂಡ ಸುದ್ದಿ ಬಂತು.

ಸುಮನಾ ಒಂದು ದಿನ ಊಟಕ್ಕೆ ಬಡಿಸುತ್ತ ಕೇಳಿದಳು, "ಅವರ ವೀಸಾ ಎಂತಕ್ಕೆ ನಿಂತದ್ದು? ನಿಮಗೆ ಗೊತ್ತುಂಟಲ್ಲ?"

ನಿಯಮ ಹಾಗಿದೆ ಎಂದೆ. ಅವಳು ಮತ್ತೆ ಕೇಳಲಿಲ್ಲ; ಆದರೆ ನಂಬಲೂ ಇಲ್ಲ.

ಕೆಲವು ವರ್ಷಗಳಲ್ಲಿ ಅಲ್ಲಿ ಚುನಾವಣೆ ನಡೆಯಿತು, ಆಳುವವರು ಬದಲಾದರು. ನಮ್ಮ ಧೋರಣೆಯೂ ಮೆಲ್ಲಗೆ ಮಗ್ಗುಲು ಬದಲಾಯಿಸಿತು. ಆ ಹೊತ್ತಿಗೆ ನನಗೆ ಒಂದು ವಿಷಯ ಮನದಟ್ಟಾಗಿತ್ತು: ನೀತಿ ಸರಿಯೋ ತಪ್ಪೋ, ಅದು ನಿಲ್ಲುವುದು ನನ್ನಂಥವರು ಕಂಡು ಹೇಳುವ ಮಾತಿನ ಮೇಲೆ. ನಾವು ನಿಜವಾಗಿ ಕಣ್ಣಿಡಬೇಕಾದವರು ಬೇರೆಯೇ ಇದ್ದರು. ನಾನು ಕೈ ತೋರಿಸಿದ್ದು ಪಾಠ ಹೇಳುವ ಹೆಂಗಸಿನ ಕಡೆಗೆ.

ಧೋರಣೆ ಬದಲಾದ ಮೇಲೆ ಶಿಫಾಳಿಗೆ ವೀಸಾ ಸಿಕ್ಕಿತು; ಚಿಕ್ಕಮ್ಮನ ಚಿಕಿತ್ಸೆಗೆಂದು ಮತ್ತೆ ತಿರುವನಂತಪುರಕ್ಕೆ ಬಂದಳು. ಕರೆ ಮಾಡಿದಳು, ಹೋದೆ. ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಕೂತಾಗ ಅವಳ ಮೊದಲ ಮಾತೇ ಕೃತಜ್ಞತೆ. ಆಗ ನೀವು ಎಷ್ಟು ಓಡಾಡಿದಿರೋ, ಅಮ್ಮ ಕೊನೆಯವರೆಗೂ ನಿಮ್ಮನ್ನು ನೆನೆದರು ಎಂದಳು. ತಮ್ಮ ಬಿಡುಗಡೆಯಾಗಿ ಮದುವೆಯಾಗಿದ್ದಾನಂತೆ. ಸುಮ್ಮನೆ ತಲೆಯಾಡಿಸಿದ್ದರೆ ಅವಳು ನನ್ನನ್ನು ಒಳ್ಳೆಯವನೆಂದೇ ಎಣಿಸಿಕೊಂಡು ಬದುಕುತ್ತಿದ್ದಳು.

ಹೇಳಿದೆ. ಸಭೆ, ಪ್ರಶ್ನೆ, ನನ್ನ ಉತ್ತರ, ಅವಳ ಹೆಸರು — ಒಂದನ್ನೂ ಬಿಡದೆ.

ಹುಡುಗ ಚಹಾ ತಂದಿಟ್ಟು ಹೋದ. ಆಮೇಲೆ, "ಮೇಲಿನವರು ಒತ್ತಾಯ ಮಾಡಿದ್ದರಾ ಸಾರ್?" ಎಂದಳು. ಹೌದು ಅನ್ನಲಿ ಎಂದು ಅವಳೇ ಬೇಡಿಕೊಳ್ಳುವಂತಿತ್ತು ಆ ಮುಖ.

"ಇಲ್ಲ," ಎಂದೆ. "ಯಾರೂ ಒತ್ತಾಯ ಮಾಡಲಿಲ್ಲ. ಕೇಳಿದರು. ನಾನು ಹೇಳಿದೆ."

ಅವಳು ಸೆರಗಿನಂತೆ ಹೊದ್ದ ಶಾಲನ್ನು ಸರಿಮಾಡಿಕೊಂಡು ಎದ್ದಳು. ಚಿಕ್ಕಮ್ಮ ಕಾಯುತ್ತಿರುತ್ತಾರೆ ಎಂದಳು, ಅಷ್ಟೇ. ಅವಳು ರಸ್ತೆ ದಾಟಿ ಕಣ್ಮರೆಯಾಗುವವರೆಗೆ ನಾನು ನಿಂತೇ ಇದ್ದೆ. ಹಿಂದೆ ಹೋಗಿ ಕ್ಷಮೆ ಕೇಳಲಿಲ್ಲ — ಅವಳಿಂದ ಇನ್ನೊಂದನ್ನು ಕೇಳಿ ಪಡೆಯುವ ಹಕ್ಕು ನನಗಿರಲಿಲ್ಲ.