ಮುಂದಿನ ಸಾಲಿಗೆ ಹಾಕಿದ ಟವೆಲ್ಲು

ಮೊನ್ನೆ ರಾಮನಗರದ ಬಸ್ ನಿಲ್ದಾಣದಲ್ಲಿ ಕೈಲಾಂಚದ ಬಸ್ಸು ಹತ್ತಿ ಕೂತಿದ್ದೆ. ಕಿಟಕಿಯಿಂದ ಒಂದು ಟವೆಲ್ಲು ಹಾರಿ ಬಂದು ಅರ್ಧ ನನ್ನ ಮಡಿಲಿಗೆ, ಅರ್ಧ ಪಕ್ಕದ ಸೀಟಿಗೆ ಬಿತ್ತು. ಕೆಂಪು ಚೌಕಳಿಯದು, ಒಗೆದು ಒಗೆದು ಮೆತ್ತಗಾದದ್ದು. "ಒಸಿ ಸೀಟಿನ ಮೇಲೆ ಹಾಸವ್ವ, ಬಂದೆ" ಅಂತ ಹೊರಗಿನಿಂದ ಒಂದು ಗಂಡುದನಿ ಕೇಳಿತು. ಮುಖ ಕಾಣಲಿಲ್ಲ. ನಾನು ಬಿಡಿಸಿ ಹಾಸಿದೆ. ಬೆರಳಿಗೆ ಮೆಷಿನ್ ಎಣ್ಣೆಯ ವಾಸನೆ ಅಂಟಿಕೊಂಡಿತು.

ವಾಸನೆಯಿಂದ ಹಳೆಯದೆಲ್ಲ ಉಕ್ಕಿ ಬಂತು ಅಂತ ಯಾರಾದರೂ ಬರೆದಿದ್ದರೆ ಆ ಪುಟ ಮಗುಚಿ ಮುಂದೆ ಹೋಗುವವಳು ನಾನು. ಎಣ್ಣೆ ಎಣ್ಣೆಯೇ, ಟವೆಲ್ಲು ಟವೆಲ್ಲೇ. ಆದರೂ ಕೈ ಒರೆಸಿಕೊಳ್ಳಲು ಮನಸ್ಸಾಗಲಿಲ್ಲ...

ಅದೇ ವಾಸನೆ ನಮ್ಮ ಎದುರುಮನೆಯ ಅಕ್ಕನ ಟವೆಲ್ಲಿಗೂ ಇತ್ತು. ಅಣ್ಣ ಅತ್ತಿಗೆಯ ಜೊತೆ ಇದ್ದಳು. ನಾನು ಪಿಯುಸಿ ಓದುತ್ತಿದ್ದಾಗ ಅವಳಿಗೆ ಮೂವತ್ತು ದಾಟಿತ್ತು. ಮಾಗಡಿ ರಸ್ತೆ ಕಡೆಯ ಒಂದು ಟ್ವಿಸ್ಟಿಂಗ್ ಯೂನಿಟ್ಟಿನಲ್ಲಿ, ರೇಷ್ಮೆ ನೂಲಿಗೆ ಹುರಿ ಹಾಕುವ ಯಂತ್ರಗಳ ನಡುವೆ ಅವಳ ಕೆಲಸ. ಆ ಶೆಡ್ಡಿನ ಬಾಗಿಲಲ್ಲಿ ನಿಂತರೆ ನಮ್ಮ ಮಾತು ನಮಗೇ ಕೇಳದು. ಅವಳು ಅಲ್ಲಿ ಎಷ್ಟೋ ವರ್ಷ ನಿಂತಿದ್ದಳು. ಕಿವಿ ಸ್ವಲ್ಪ ಸ್ವಲ್ಪವೇ ಮಂದವಾಗುತ್ತಾ ಬಂದಿತ್ತು. ಡಾಕ್ಟರು ಇನ್ನು ಹೀಗೇ ಇಳಿಯುತ್ತಾ ಹೋಗುತ್ತದೆ ಅಂದಿದ್ದರಂತೆ. ಧೂಳಿಗೆ ತಲೆಗೆ ಕಟ್ಟಿಕೊಳ್ಳುತ್ತಿದ್ದ ಚೌಕಳಿ ಟವೆಲ್ಲನ್ನು ಮನೆಗೆ ಬಂದಮೇಲೆ ಹೆಗಲಿಗೆ ಹಾಕಿಕೊಂಡು ನಮ್ಮ ಜಗಲಿಗೆ ಬರುತ್ತಿದ್ದಳು.

ನಾನು ಆಗ ಚರ್ಚಾಸ್ಪರ್ಧೆಗಳ ಹುಚ್ಚಿನಲ್ಲಿದ್ದೆ. ಪರ ಕೊಟ್ಟರೆ ಪರ, ವಿರೋಧ ಕೊಟ್ಟರೆ ವಿರೋಧ. ಮನೆಯವರು ನನ್ನ ಬಾಯಿಗೆ ಹೆದರಿ ಒಳಗೆ ಹೋಗುತ್ತಿದ್ದರು. ಉಳಿದವಳು ಅಕ್ಕ ಒಬ್ಬಳೇ. ನಾನು ಜಗಲಿಯ ಮೇಲೆ ನಿಂತು ಭಾಷಣ ಅಭ್ಯಾಸ ಮಾಡಿದರೆ ಅವಳು ಎದುರಿಗೆ ಕೂತು ಕಣ್ಣು ಮಿಟುಕಿಸದೆ ಕೇಳುತ್ತಿದ್ದಳು. ಊರೊಳಗೆ ಸ್ಪರ್ಧೆ ಇದ್ದರೆ ಸಭಾಂಗಣಕ್ಕೂ ಬಂದು ಮುಂದಿನ ಸಾಲಿನಲ್ಲೇ ಕೂರುತ್ತಿದ್ದಳು. ನನ್ನ ವಾದಕ್ಕೆ ಮರುಳಾಗಿದ್ದಾಳೆ ಅಂದುಕೊಂಡಿದ್ದೆ. ಅವಳು ನನ್ನ ತುಟಿ ಓದುತ್ತಿದ್ದಳು. ಹಿಂದಿನ ಸಾಲಿನಲ್ಲಿ ಕೂತರೆ ಅವಳ ಪಾಲಿಗೆ ನಾನು ಮಾತಾಡಿದ್ದೂ ಒಂದೇ, ಮಾತಾಡದಿದ್ದದ್ದೂ ಒಂದೇ.

ಅವಳ ಮನೆಯಲ್ಲಿ ಒಂದು ಮಾತು ಪದೇ ಪದೇ ಕೇಳಿಬರುತ್ತಿತ್ತು. ಎಲ್ಲರೂ ಯಾವುದಕ್ಕೋ ನಗುವರು, ಅಕ್ಕ "ಏನು?" ಅನ್ನುವಳು. "ಏನೂ ಇಲ್ಲ ಬುಡು" ಅನ್ನುವರು. ಕೆಟ್ಟವರಲ್ಲ ಅವರು. ಎರಡನೇ ಸಲ ಹೇಳುವಾಗ ಯಾವ ಮಾತೂ ಅಷ್ಟು ಮುಖ್ಯ ಅನ್ನಿಸುವುದಿಲ್ಲ, ಅಷ್ಟೇ.

ಆ ವರ್ಷ ಊರಾಚೆಯ ಒಂದು ಕಾಲೇಜಿನ ಮೈದಾನದಲ್ಲಿ ರಾಕ್ ಸಂಗೀತದ ಕಾರ್ಯಕ್ರಮ ಅಂತ ಬಸ್ ನಿಲ್ದಾಣದ ಗೋಡೆಗೆಲ್ಲ ಪೋಸ್ಟರು ಹಚ್ಚಿದರು. ಬೆಂಗಳೂರಿನ ತಂಡ, ಕನ್ನಡದ ಹಾಡು, ಎಲ್ಲರಿಗೂ ಪ್ರವೇಶ. ಪೋಸ್ಟರಿನಲ್ಲಿ ಗಿಟಾರು ಹಿಡಿದವರಿಗಿಂತ ದೊಡ್ಡದಾಗಿ ಅವರ ಹಿಂದಿನ ಸ್ಪೀಕರು ಪೆಟ್ಟಿಗೆಗಳು ಕಾಣುತ್ತಿದ್ದವು. ಅಕ್ಕ ನೋಡಿದ್ದು ಅವನ್ನೇ.

"ಅದರ ಮುಂದ್ಗಡೆ ನಿಂತ್ಕೊಂಡ್ರೆ ನಂಗೂ ಕೇಳ್ತದೆ ಕಣಮ್ಮಿ" ಅಂದಳು.

ಅವಳು ಹಾಡು ಕೇಳಿ ಕಾಲವಾಗಿತ್ತು. ಟಿವಿಯಲ್ಲಿ ಹಾಡು ಬಂದರೆ ಬಾಯಿ ಅಲ್ಲಾಡುವುದು ಕಾಣುತ್ತಿತ್ತು, ಅಷ್ಟೇ. ಇರುವಷ್ಟು ಕಿವಿ ಇರುವಾಗ ಒಂದು ಸಲ, ಒಂದು ಹಾಡನ್ನು ಪೂರ್ತಿ ಕೇಳಬೇಕು, ಅದಕ್ಕೆ ಮುಂದಿನ ಸಾಲೇ ಬೇಕು. ಇದು ಅವಳ ಲೆಕ್ಕಾಚಾರ. ನಾನು ವಿರೋಧದ ಪಕ್ಷ ಹಿಡಿದೆ. ಕಿವಿ ಕೆಟ್ಟಿರುವುದೇ ಗದ್ದಲದಿಂದ, ಮೇಲೆ ಇನ್ನಷ್ಟು ಗದ್ದಲ ಸುರಿದರೆ ಇರುವುದೂ ಹೋಗುತ್ತದೆ ಅಂದೆ. ಅವಳು ನನ್ನ ತುಟಿಯನ್ನು ಕೊನೆಯವರೆಗೂ ಓದಿ, "ಹೋಗೋದು ಹೆಂಗೂ ಹೊಯ್ತದಲ್ಲ" ಅಂದಳು.

ಕಾರ್ಯಕ್ರಮ ಭಾನುವಾರ, ಅವಳಿಗೆ ಅವತ್ತೂ ಕೆಲಸ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಇಬ್ಬರೂ ಮೈದಾನಕ್ಕೆ ಹೋದೆವು. ವೇದಿಕೆಯ ಮುಂದೆ ಸರ್ವೆ ಕಂಬಗಳ ಬೇಲಿ ಕಟ್ಟುತ್ತಿದ್ದರು. ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ವಿದ್ಯಾರ್ಥಿಯೊಬ್ಬ ಬಂದು, ಸಂಜೆ ಗೇಟು ತೆಗೆಯುವವರೆಗೆ ಒಳಗೆ ಯಾರೂ ನಿಲ್ಲುವ ಹಾಗಿಲ್ಲ ಅಂದ. ಅಕ್ಕ ಸರಿ ಅಂತ ತಲೆಯಾಡಿಸಿ, ಹೆಗಲ ಮೇಲಿದ್ದ ಟವೆಲ್ಲನ್ನು ತೆಗೆದು ದೊಡ್ಡ ಸ್ಪೀಕರಿನ ನೇರಕ್ಕೆ ಬೇಲಿಗೆ ಹಾಕಿದಳು. ಗಾಳಿಗೆ ಹಾರದಿರಲಿ ಅಂತ ಒಂದು ಗಂಟೂ ಕಟ್ಟಿದಳು.

"ಅಕ್ಕ, ಇದು ಬಸ್ಸಲ್ಲ" ಅಂದೆ.

"ಗೊತ್ತು ಕಣಮ್ಮಿ. ಬಸ್ಸಿಗೆ ಕಿಟಕಿ ಇರ್ತದೆ."

ವಾಪಸು ಬರುವ ದಾರಿಯುದ್ದಕ್ಕೂ ವಾದಿಸಿದೆ. ಟವೆಲ್ಲಿಗೆ ಯಾವ ಹಕ್ಕೂ ಇಲ್ಲ. ನಿಂತವನಿಗೆ ಜಾಗ, ಬಟ್ಟೆಗಲ್ಲ. ಬಸ್ಸಿನಲ್ಲೂ ಅದು ನಡೆಯುವುದು ಎದ್ದು ಪ್ರಶ್ನಿಸುವವರು ಇಲ್ಲದ್ದರಿಂದ. ಅವಳು ಯೂನಿಟ್ಟಿನ ಗೇಟಿನ ಹೊರಗೇ ನಿಂತು ಹೇಳಿದಳು, "ಹಕ್ಕು ಐತೆ ಅಂತ ಯಾರೂ ಟವೆಲ್ ಹಾಕಲ್ಲ. ನಾನು ಬತ್ತೀನಿ ಅಂತ ಹಾಕೋದು. ಅಷ್ಟೇಯ." ಒಳಗೆ ಹೋದಳು.

ಸಂಜೆ ಅವಳಿಗೆ ಬೇಗ ಬಿಡಲಿಲ್ಲ. ನಾವು ಮೈದಾನ ತಲುಪಿದಾಗ ಗೇಟಿನ ಹತ್ತಿರವೇ ಕಾಲಿಡಲು ಜಾಗವಿರಲಿಲ್ಲ. ಕನಕಪುರ, ಚನ್ನಪಟ್ಟಣದ ಕಡೆಯಿಂದೆಲ್ಲ ಹುಡುಗರು ಬೈಕಿನಲ್ಲಿ ಬಂದಿಳಿದಿದ್ದರು. ನಾನು ತುದಿಗಾಲಲ್ಲಿ ನಿಂತು ಬೇಲಿಯ ಕಡೆ ನೋಡಿದೆ. ತಲೆಗಳು, ಎತ್ತಿ ಹಿಡಿದ ಮೊಬೈಲುಗಳು. ಚೌಕಳಿ ಎಲ್ಲೂ ಇಲ್ಲ.

"ನಾನ್ ಹೇಳ್ಲಿಲ್ವಾ" ಅಂದೆ. ಗೆದ್ದವಳ ದನಿ ಇದ್ದಿರಬೇಕು. ಅವಳಿಗೆ ಅದು ಕೇಳಿಸಲಿಲ್ಲ, ಅವಳು ನನ್ನ ಮುಖ ನೋಡುತ್ತಿರಲಿಲ್ಲ. ವೇದಿಕೆಯ ಮೇಲೆ ಯಾರೋ ಡ್ರಮ್ಮು ಪರೀಕ್ಷಿಸುತ್ತಿದ್ದರು. ಅವಳು ತಲೆ ಒಂದು ಕಡೆ ವಾಲಿಸಿ ಸ್ವಲ್ಪ ಹೊತ್ತು ನಿಂತಳು. ಆಮೇಲೆ, "ಇಲ್ಲಿಗೆ ಏನೂ ಬರ್ತಾ ಇಲ್ಲ ಕಣಮ್ಮಿ" ಅಂದಳು. ನಲ್ಲಿಯಲ್ಲಿ ನೀರು ಬರುತ್ತಿಲ್ಲ ಅಂತ ಹೇಳಿದ ಹಾಗೆ.

ಅಷ್ಟರಲ್ಲಿ ನಿರೂಪಕ ಮೈಕು ಹಿಡಿದು ಮುಂದೆ ಬಂದ. ಇನ್ನೊಂದು ಕೈಯಲ್ಲಿ, ಎರಡೇ ಬೆರಳಲ್ಲಿ, ಸತ್ತ ಇಲಿ ಹಿಡಿದ ಹಾಗೆ ಒಂದು ಟವೆಲ್ಲು ಹಿಡಿದಿದ್ದ. "ಬೇಲಿಗೆ ಕಟ್ಟಿತ್ತು. ಯಾರ್ದಪ್ಪ ಇದು? ರಾಕ್ ಶೋಗೂ ಸೀಟು ಹಿಡಿದಿದ್ದೀರಲ್ಲ" ಅಂದ. ಮೈದಾನ ನಕ್ಕಿತು.

ಅಕ್ಕನಿಗೆ ಮಾತು ಕೇಳಿಸಿರಲಿಲ್ಲ. ಟವೆಲ್ಲು ಕಂಡಿತು. "ನಂದು! ಅದು ನಂದು!" ಅಂದಳು. ಕಿವಿ ಮಂದವಾದವರಿಗೆ ತಮ್ಮ ದನಿ ಎಷ್ಟು ಎತ್ತರ ಹೋಗುತ್ತದೆ ಅಂತ ತಿಳಿಯುವುದಿಲ್ಲ. ಅಂಗಡಿಯಲ್ಲಿ, ಬಸ್ಸಿನಲ್ಲಿ ಆ ದನಿಗೆ ಜನ ತಿರುಗಿ ನೋಡುತ್ತಿದ್ದರು. ಈಗಲೂ ನೋಡಿದರು. ಬೈರಾಪಟ್ಟಣದ ಬಸ್ಸಿನಲ್ಲಿ ಓಡಾಡುವವನೇ ಇರಬೇಕು, ಮುಂದಿದ್ದ ಒಬ್ಬ ಹುಡುಗ ಗೆಳೆಯನ ಭುಜ ತಟ್ಟಿ, "ಲೇ, ಟವೆಲ್ ಅಕ್ಕ ಬಂದವ್ರೆ, ದಾರಿ ಬುಡ್ಲಾ" ಅಂದ.

"ಯಾಕ್ಲಾ ಬುಡ್ಬೇಕು?"

"ಟವೆಲ್ ಹಾಕವ್ರೆ ಕಣ್ಲಾ ಮೊದ್ಲೇ. ಅವ್ರ ಜಾಗ."

ಆ ಇನ್ನೊಬ್ಬ ಮರುಮಾತಾಡದೆ ಸರಿದ. ಇದನ್ನು ನಾನು ಇವತ್ತಿಗೂ ಯಾವ ತರ್ಕದಿಂದಲೂ ವಿವರಿಸಲಾರೆ. ಒಬ್ಬ ಸರಿದ, ಅವನ ಮುಂದಿನವನು ಸರಿದ, "ಟವೆಲ್ಲು, ಟವೆಲ್ಲು" ಅಂತ ನಗುತ್ತಾ ಸಾಲು ಸಾಲೇ ಬಾಯಿಬಿಟ್ಟಿತು. ಅವಳು ನನ್ನ ಮಣಿಕಟ್ಟು ಹಿಡಿದು ನುಗ್ಗಿದಳು.

ಬೇಲಿಯ ಹತ್ತಿರ ಮಾತ್ರ ತಡೆಯಾಯಿತು. ಅಲ್ಲಿದ್ದವರು ಆ ಕಾಲೇಜಿನ ವಿದ್ಯಾರ್ಥಿಗಳು. "ಗೇಟ್ ತೆಗೆದಾಗಿಂದ ನಿಂತಿದೀವಿ, ಟವೆಲ್ ಗಿವೆಲ್ ಎಲ್ಲ ನಡೆಯಲ್ಲ" ಅಂದರು. ದಾರಿಯುದ್ದಕ್ಕೂ ನಾನೇ ಹೇಳಿದ್ದ ವಾದ ಅದು, ಅಕ್ಷರ ಅಕ್ಷರವಾಗಿ. ನಾನು ಪಕ್ಷ ಬದಲಿಸಿದೆ. "ನಿಮ್ಮಪ್ಪ ಬಸ್ಸಿಗೆ ಟವೆಲ್ ಹಾಕಿ ನಿಮ್ಮನ್ನ ಕೂರಿಸ್ಲಿಲ್ವಾ? ಅವತ್ತು ನಿಂತಿದ್ದೋರು ನಿಮ್ಮನ್ನ ಎಬ್ಬಿಸಿದ್ರಾ? ಇವತ್ತು ನೀವ್ ಎದ್ದೇಳಿ" ಅಂದೆ. ತೀರ್ಪುಗಾರರಿದ್ದರೆ ಈ ವಾದಕ್ಕೆ ಸೊನ್ನೆ ಕೊಡುತ್ತಿದ್ದರು. ಆದರೆ ಒಬ್ಬ ಹುಡುಗಿ ನಕ್ಕು ಮೈ ಓರೆ ಮಾಡಿ ಜಾಗ ಬಿಟ್ಟಳು. ಒಬ್ಬರು ಹಿಡಿಯುವಷ್ಟು ಸಂದಾಯಿತು. ಒಬ್ಬರೇ.

ಅಕ್ಕ ಸಂದಿನೊಳಗೆ ಸೇರಿಕೊಂಡು ಎರಡೂ ಕೈಯಲ್ಲಿ ಬೇಲಿ ಹಿಡಿದಳು. ನಿರೂಪಕ ಬಗ್ಗಿ ಟವೆಲ್ಲು ಕೊಟ್ಟ. ಹಾಡು ಶುರುವಾಯಿತು.

ನಾನು ಅವಳ ಬೆನ್ನ ಹಿಂದೆ ಸಿಕ್ಕಿಕೊಂಡಿದ್ದೆ. ಮೊದಲ ಪೆಟ್ಟಿಗೇ ನನ್ನ ಪಕ್ಕೆಲುಬು ನಡುಗಿತು. ಹಾಡು ಚೆನ್ನಾಗಿತ್ತೋ ಇಲ್ಲವೋ ತಿಳಿಯದಷ್ಟು ಸದ್ದು. ನನಗೆ ಕಾಣುತ್ತಿದ್ದದ್ದು ಅವಳ ಜಡೆ, ಹೆಗಲ ಟವೆಲ್ಲು, ಕತ್ತಿನ ಹಿಂಭಾಗ. ತಲೆ ಅಲ್ಲಾಡುತ್ತಿತ್ತು. ಹಾಡಿನ ತಾಳಕ್ಕೋ, ಹಿಂದಿನವರು ತಳ್ಳಿದ್ದಕ್ಕೋ? ಒಂದು ಹಾಡಿನ ಉದ್ದಕ್ಕೂ ಅವಳು ಕಲ್ಲಿನ ಹಾಗೆ ನಿಂತಿದ್ದಳು. ಕೇಳುತ್ತಿದ್ದಳೇ, ಕೇಳದೆ ನಿಂತಿದ್ದಳೇ? ಮುಖ ನೋಡಬೇಕಿತ್ತು. ಸಂದು ಒಬ್ಬರಿಗೇ ಇತ್ತು. ಅಷ್ಟು ಸಾವಿರ ಜನರ ನಡುವೆ ಅವಳೊಬ್ಬಳೇ ಇದ್ದಳು, ಅವಳ ಹಿಂದೆ ನಾನೊಬ್ಬಳೇ ಇದ್ದೆ. ನಮ್ಮ ನಡುವೆ ಒಂದು ಗೇಣು ಜಾಗವೂ ಇರಲಿಲ್ಲ...

ಮುಗಿಸಿ ಹೊರಗೆ ಬಂದಾಗ ನನ್ನ ಕಿವಿಯಲ್ಲಿ ಸಿಳ್ಳೆಯಂತೆ ಒಂದೇ ಸಮನೆ ಸದ್ದು. ಬೇರೇನೂ ಇಲ್ಲ. ಬೈಕುಗಳು ಸದ್ದಿಲ್ಲದೆ ಪಕ್ಕದಲ್ಲೇ ಹಾದುಹೋದವು. "ಕೇಳಿಸ್ತಾ ಅಕ್ಕ?" ಅಂದೆ. ನನ್ನ ದನಿ ನನಗೇ ಬಾವಿಯಿಂದ ಬಂದ ಹಾಗಿತ್ತು. ಬೀದಿದೀಪದ ಕೆಳಗೆ ಅವಳು ಏನೋ ಹೇಳಿದಳು. "ಏನು?" ಅಂದೆ. ಇನ್ನೊಮ್ಮೆ ಹೇಳಿದಳು. ನಾನು ಕಿವಿ ತೋರಿಸಿ ತಲೆಯಾಡಿಸಿದೆ. ಅವಳಿಗೆ ಹೊಳೆಯಿತು. ಹೊಟ್ಟೆ ಹಿಡಿದುಕೊಂಡು ನಕ್ಕಳು. ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿ, ತುಟಿ ಅಗಲ ಮಾಡಿ ಹೇಳಿದ್ದನ್ನು ಮಾತ್ರ ಓದಿದೆ: "ನನ್ ಮೂತಿ ನೋಡು, ಮೂತಿ."

ಮುಂದೆ ದಾರಿಯಲ್ಲಿ ದೀಪವಿರಲಿಲ್ಲ. ಅಕ್ಕ ಮಾತಾಡುತ್ತಲೇ ಇದ್ದಳು. ಅವಳ ಕೈ ಆಡುತ್ತಿದ್ದದ್ದು ಕಾಣುತ್ತಿತ್ತು, ಒಮ್ಮೆ ಎದೆಯೆತ್ತರಕ್ಕೆ, ಒಮ್ಮೆ ಗಾಳಿಯಲ್ಲಿ ಸುತ್ತಿಕೊಂಡು. ಅಷ್ಟು ಉದ್ದ ಅವಳು ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಕತ್ತಲಲ್ಲಿ ತುಟಿ ಕಾಣಲಿಲ್ಲ. ಒಂದು ಮಾತೂ ಕೇಳಲಿಲ್ಲ.

ಮರುದಿನ ಕಿವಿ ಸರಿಹೋಯಿತು. ಸಂಜೆ ಅವಳು ಜಗಲಿಗೆ ಬಂದಾಗ ಮೊದಲು ಕೇಳಿದ್ದೇ ಅದು. "ನೆನ್ನೆ ದಾರೀಲಿ ಏನ್ ಹೇಳ್ತಿದ್ದೆ ಅಕ್ಕ?"

ಅವಳು ನನ್ನ ತುಟಿ ನೋಡಿದಳು. ಸ್ವಲ್ಪ ಯೋಚಿಸಿದಳು. ನಕ್ಕಳು.

"ಏನೂ ಇಲ್ಲ ಬುಡು."

ಸೇಡಿಗೆ ಹೇಳಿದಳೋ, ತಮಾಷೆಗೋ, ನಿಜವಾಗಿಯೂ ಎರಡನೇ ಸಲಕ್ಕೆ ಆ ಮಾತು ಸಣ್ಣದಾಗಿತ್ತೋ... ಆಮೇಲೂ ಎಷ್ಟೋ ಸಲ ಕೇಳಿದೆ. ಪ್ರತಿ ಸಲವೂ ಅದೇ ಉತ್ತರ, ಅದೇ ನಗು.

ನಾನು ಡಿಗ್ರಿಗೆ ಹೋದ ವರ್ಷ ಅವಳನ್ನು ಮಾಗಡಿ ತಾಲ್ಲೂಕಿನ ಕಲ್ಯಕ್ಕೆ ಮದುವೆ ಮಾಡಿ ಕೊಟ್ಟರು. ಫೋನು ಮಾಡಿದರೆ ಅವಳಿಗೆ ಕೇಳುತ್ತಿರಲಿಲ್ಲ. ವಿಡಿಯೊ ಕರೆ ಮಾಡಿದರೆ ಅಲ್ಲಿ ಸಿಗ್ನಲ್ಲು ಸಿಕ್ಕಿದಷ್ಟು ಹೊತ್ತು ಇಬ್ಬರೂ ಮೂತಿ ಮೂತಿ ನೋಡಿಕೊಂಡು ನಗುತ್ತಿದ್ದೆವು. ಹೋದ ಮಳೆಗಾಲದಲ್ಲಿ ಜ್ವರ ಬಂತಂತೆ, ತಡವಾಗಿ ಆಸ್ಪತ್ರೆಗೆ ಸೇರಿಸಿದರಂತೆ. ನನಗೆ ತಿಳಿಯುವ ಹೊತ್ತಿಗೆ ತಿಥಿಯೂ ಮುಗಿದಿತ್ತು.

ಸಾಕ್ಷ್ಯವಿಲ್ಲದೆ ಏನನ್ನೂ ಒಪ್ಪಬಾರದು ಅಂತ ಹುಡುಗರಿಗೆ ಹೇಳಿಕೊಡುವವಳು ನಾನು. ಮೊನ್ನೆ ಕೈಲಾಂಚಕ್ಕೆ ಹೊರಟಿದ್ದೂ ಅಲ್ಲಿನ ಶಾಲೆಯ ಚರ್ಚಾಸ್ಪರ್ಧೆಗೆ ತೀರ್ಪು ಕೊಡಲಿಕ್ಕೆ. ಅಕ್ಕ ಆ ಸಂಜೆ ಹಾಡು ಕೇಳಿದಳು ಅನ್ನುವುದಕ್ಕೆ ನನ್ನ ಹತ್ತಿರ ಸಾಕ್ಷ್ಯವಿಲ್ಲ. ಕೇಳಲಿಲ್ಲ ಅನ್ನುವುದಕ್ಕೂ ಇಲ್ಲ. ಇದ್ದ ಒಬ್ಬಳೇ ಸಾಕ್ಷಿ ಹೇಳಿದ್ದಳು, ಕತ್ತಲಲ್ಲಿ, ನಾನು ಕಿವುಡಿಯಾಗಿದ್ದಾಗ.

ಬಸ್ಸು ಹೊರಟಿತು. ಟವೆಲ್ಲು ಹಾಕಿದವನು ಹತ್ತಲಿಲ್ಲ. ಟೀ ಕುಡಿಯಲು ಹೋಗಿದ್ದನೋ, ಬೇರೆ ಬಸ್ಸು ಹಿಡಿದನೋ. ಮುಂದಿನ ನಿಲ್ದಾಣದಲ್ಲಿ ಜನ ತುಂಬಿಕೊಂಡರು. ಬ್ಯಾಗು ಹೊತ್ತ ಕಾಲೇಜು ಹುಡುಗನೊಬ್ಬ ಸೀಟಿನ ಹತ್ತಿರ ಬಂದು ನಿಂತ.

"ಇಲ್ಲಿ ಯಾರಾದ್ರೂ ಬತ್ತಾರಾ ಅಕ್ಕ?"

ಬರುವುದಿಲ್ಲ ಅಂತ ನನಗೆ ಗೊತ್ತಿತ್ತು.

"ಟವೆಲ್ ಹಾಕವ್ರೆ" ಅಂದೆ.

ಅವನು ತಲೆಯಾಡಿಸಿ ಮೇಲಿನ ಕಂಬಿ ಹಿಡಿದುಕೊಂಡ. ಕೈಲಾಂಚ ಬರುವವರೆಗೂ ನಿಂತೇ ಇದ್ದ. ನಾನು ಇಳಿಯುವಾಗ ಕಿಟಕಿಯ ಗಾಳಿಗೆ ಟವೆಲ್ಲಿನ ಒಂದು ತುದಿ ಮಡಚಿಕೊಂಡಿತ್ತು. ಅದನ್ನು ಸರಿಮಾಡಿ ಇಳಿದೆ.