ಬಟ್ಟಿ ಎತ್ತುವ ಚೊಂಬು

ಬೆಂಕಿ ಆರಿದ ಹತ್ತಿಯ ಸುಟ್ಟ ವಾಸನೆ ಮೊನ್ನೆ ವಿಜಯನಗರದಲ್ಲಿ ಮೂಗಿಗೆ ಬಡಿಯಿತು. ಬೆನ್ನುನೋವಿನ ಗೆಳತಿಯ ಜೊತೆ ಕಪ್ಪಿಂಗ್ ಚಿಕಿತ್ಸೆ ಮಾಡುವ ಕಡೆ ಹೋಗಿದ್ದೆ. ಗಾಜಿನ ಬಟ್ಟಲೊಳಗೆ ಬೆಂಕಿ ಆಡಿಸಿ ಅವಳ ಬೆನ್ನಿಗೆ ಕವುಚಿದ ಹುಡುಗಿ, "ಹೆಂಗೆ ಹಿಡ್ಕೊಳ್ತು ನೋಡಿ ಆಂಟಿ! ಒಳಗೆ ಕೆಟ್ಟದ್ದು ಇದ್ರೇನೇ ಹಿಂಗೆ" ಎಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ಅದೇ ಮಾತು, ಅದೇ ಸುಳ್ಳು!

ಹೇರೋಹಳ್ಳಿಯ ನಮ್ಮ ಹೆಂಚಿನ ಮನೆ ಈಗಿಲ್ಲ, ಆ ಜಾಗದಲ್ಲಿ ಬಾಡಿಗೆ ಮನೆಗಳು ಎದ್ದಿವೆ. ತಣ್ಣನೆಯ ಕೆಂಪು ಗಾರೆ ನೆಲ, ಒಲೆಯ ಪಕ್ಕ ಅಜ್ಜಿ ಹುಣಸೆಹಣ್ಣು ಹಾಕಿ ಉಜ್ಜಿಟ್ಟ ಹಿತ್ತಾಳೆ ಚೊಂಬು ಇನ್ನೂ ಕಣ್ಣಿಗೆ ಕಟ್ಟಿವೆ. ಯಾರಿಗೆ ಹೊಟ್ಟೆನೋವು ಬಂದರೂ ಬಟ್ಟಿ ಬಿದ್ದಿದೆ, ಅಂದರೆ ಹೊಕ್ಕುಳು ಜಾರಿದೆ, ಎಂಬುದೇ ಅಜ್ಜಿಯ ತೀರ್ಮಾನ. ಹೊಕ್ಕುಳ ಮೇಲೆ ಪುಟ್ಟ ಹಣತೆ ಹಚ್ಚಿಟ್ಟು ಚೊಂಬು ಕವುಚುತ್ತಿದ್ದಳು. ದೀಪ ಆರಿ ಚೊಂಬು ಹೊಟ್ಟೆಯನ್ನು ಕಚ್ಚಿಕೊಂಡರೆ ಬಟ್ಟಿ ಬಿದ್ದದ್ದು ನಿಜವಂತೆ, ಆ ಎಳೆತಕ್ಕೇ ಬಟ್ಟಿ ಮೇಲೆದ್ದು ನೋವು ಹೋಗುವುದಂತೆ. ಅದು ಕಚ್ಚದೆ ಇದ್ದದ್ದನ್ನು ನಾನು ನೋಡಿಯೇ ಇಲ್ಲ.

ಒಂದು ಬೆಳಿಗ್ಗೆ ತಂಗಿ ಸುಮಾ ಹೊಟ್ಟೆಯ ಬಲಗಡೆ ಹಿಡಿದುಕೊಂಡು ಅತ್ತಳು. ಚೊಂಬು ಬಂತು, ಕಚ್ಚಿತು. "ಕಂಡ್ಯೇನೋ? ಬಟ್ಟಿನೇ" ಎಂದು ಅಜ್ಜಿ ಅಪ್ಪನಿಗೆ ಹೇಳಿದಳು. ಮರುದಿನ ಜ್ವರ ಏರಿತು, ಮತ್ತೆ ಚೊಂಬು. "ಆಸ್ಪತ್ರೆಗೆ ಕರ್ಕೊಂಡ್ಹೋಗೋಣ ರೀ" ಎಂದು ಅಮ್ಮ ಗೋಗರೆದಳು. "ಅಮ್ಮನ ಕೈಗುಣ ಒಳ್ಳೇದು, ತಡಿಯೇ" ಎಂದ ಅಪ್ಪ.

ಆ ಅಪ್ಪ ಯಾರು? ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು! ನೀರು ತುಂಬಿದ ಲೋಟಕ್ಕೆ ರಟ್ಟು ಮುಚ್ಚಿ, ಬೋರಲು ಹಿಡಿದು, "ಗಾಳಿಗೂ ಭಾರ ಇದೆ ಕಣ್ರೋ. ನಮ್ಮ ಮೈನ ಎಲ್ಲಾ ಕಡೆಯಿಂದ ಒತ್ತುತ್ತೆ. ಒಳಗಿಂದ್ಲೂ ಅಷ್ಟೇ ಒತ್ತಡ ಇರೋದ್ರಿಂದ ನಮಗೆ ಗೊತ್ತಾಗಲ್ಲ" ಎಂದು ಊರ ಮಕ್ಕಳಿಗೆಲ್ಲ ಪಾಠ ಹೇಳಿದವನು. ಚೊಂಬಿನೊಳಗಿನ ಬಿಸಿ ಗಾಳಿ ತಣ್ಣಗಾದರೆ ಅದರ ಒತ್ತಡ ಇಳಿಯುತ್ತದೆ, ಹೊರಗಿನ ಗಾಳಿ ಚೊಂಬನ್ನು ಅದುಮಿ ಹಿಡಿಯುತ್ತದೆ, ಒಳಗೆ ಚರ್ಮ ಉಬ್ಬುತ್ತದೆ. ಇಷ್ಟೇ! ಇದು ಅವನಿಗೆ ತಿಳಿಯದ್ದೇ? ತಾಯಿಯ ಎದುರು ಬಾಯಿ ಬಿಡಲಿಲ್ಲ, ಅಷ್ಟೇ. ಕೊನೆಗೆ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಸುಮಾಳ ಹೊಟ್ಟೆಯೊಳಗೆ ಅಪೆಂಡಿಕ್ಸ್ ಒಡೆದಿತ್ತು. "ಇಷ್ಟೊತ್ತು ಏನ್ರೀ ಮಾಡ್ತಿದ್ರಿ?" ಎಂದು ಡಾಕ್ಟರು ರೇಗಿದರು. ಅವಳು ಮನೆಗೆ ಬರಲಿಲ್ಲ.

ತಿಥಿ ಕಳೆದ ಮೇಲೆ ಒಂದು ಮಧ್ಯಾಹ್ನ ಅಪ್ಪ ಅದೇ ಕೆಂಪು ನೆಲದ ಮೇಲೆ ಅಂಗಾತ ಮಲಗಿ, ತನ್ನ ಹೊಟ್ಟೆಯ ಮೇಲೆ ಹಣತೆ ಹಚ್ಚಿಟ್ಟು, ತಾನೇ ಚೊಂಬು ಕವುಚಿಕೊಂಡ. ಕಚ್ಚಿತು. ಅಜ್ಜಿ ಗಾಬರಿಯಿಂದ ಓಡಿಬಂದಳು.

"ನಿಂಗೂ ಹೊಟ್ಟೆನೋವೇನೋ?"

"ಇಲ್ಲಮ್ಮ. ಏನೂ ನೋವಿಲ್ಲ. ಇದು ಯಾರಿಗಾದ್ರೂ ಕಚ್ಚುತ್ತೆ. ಬರೀ ಗಾಳಿ."

ಅಜ್ಜಿ ಅವನ ಹೊಟ್ಟೆಯಿಂದ ಚೊಂಬು ಕಿತ್ತು ಒಲೆಯ ಪಕ್ಕಕ್ಕೆ ಎಸೆದಳು.

"ಗೊತ್ತಿದ್ದೂ ಬಾಯ್ಮುಚ್ಕೊಂಡಿದ್ದೆಯೇನೋ, ಪಾಪಿ?"

ಇಷ್ಟು ವರ್ಷವಾದರೂ ನನ್ನ ಸಿಟ್ಟಿಗೆ ಅದಕ್ಕಿಂತ ಬೇರೆ ಮಾತು ಸಿಕ್ಕಿಲ್ಲ. ಆ ಚೊಂಬು ಮಾತ್ರ ಮತ್ತೆ ಹುಣಸೆಹಣ್ಣು ಕಾಣದೆ, ಒಲೆಯ ಪಕ್ಕದಲ್ಲೇ ಕಿಲುಬು ಹಿಡಿಯಿತು.