ಕಾಕಾ ನೂರಕ್ಕೆ ಎಂಟು ಕಂಡ ಊರು

ಮೊನ್ನೆ ಅವ್ವ ಉಸುಳಿ ಮಾಡಲೆಂದು ಮಡಕಿಕಾಳು ಮೊಳಕೆಗೆ ಕಟ್ಟಿಟ್ಟಿದ್ದ ಒದ್ದೆ ಬಟ್ಟೆಯ ಗಂಟು ಬಿಚ್ಚಿದಳು. ಬಿಚ್ಚಿದ ಕೂಡಲೇ ಒಂದು ವಾಸನೆ ಎದ್ದಿತು. ಅರ್ಧ ಮಣ್ಣಿನದು, ಅರ್ಧ ನೆನೆದ ಕಾಗದದ್ದು, ನಡುವೆ ಎಲ್ಲೋ ಸಣ್ಣಗೆ ಹುಳಿ. ನಾನು ಆಗಷ್ಟೇ ಒಂದು ಮದುವೆಮನೆಯಲ್ಲಿ ನಿರೂಪಣೆ ಮುಗಿಸಿ, ಹತ್ತು ಜನರ ದನಿಯಲ್ಲಿ ಮಾತಾಡಿ, ನನ್ನ ಸ್ವಂತ ಗಂಟಲು ಎಲ್ಲಿ ಬಿಟ್ಟುಬಂದೆ ಎಂದು ಯೋಚಿಸುತ್ತ ಅಡುಗೆಮನೆಯ ಗೋಡೆಗೆ ಒರಗಿ ಕೂತಿದ್ದೆ. ಆ ವಾಸನೆ ಬಂದದ್ದೇ ತಡ, ಎದುರಿಗೆ ಕಾಕಾ ಬಂದು ಕನ್ನಡಕ ಒರೆಸಿಕೊಳ್ಳುತ್ತ ಕೂತಂತಾಯಿತು...

ಕಾಕಾ ನನಗೆ ರಕ್ತಸಂಬಂಧಿಯಲ್ಲ. ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯ ಲ್ಯಾಬಿನಲ್ಲಿ ಅವರು ಎಲ್ಲರಿಗಿಂತ ಹಿರಿಯರು, ನಾನು ಎಲ್ಲರಿಗಿಂತ ಕಿರಿಯ. ಹಾಗಾಗಿ ಕಾಕಾ. ಅಲ್ಲಿ ನಮ್ಮ ಕೆಲಸ ಇಷ್ಟೇ. ಹೊಲದಿಂದ ಬಂದ ಚೀಲದಿಂದ ನೂರು ಬೀಜ ತೆಗೆದು, ಒದ್ದೆ ಮಾಡಿದ ಕಂದು ಕಾಗದದ ಮೇಲೆ ಸಾಲಾಗಿ ಜೋಡಿಸಿ, ಚಾಪೆಯ ಹಾಗೆ ಸುತ್ತಿ, ಬೆಚ್ಚನೆಯ ಪೆಟ್ಟಿಗೆಯಲ್ಲಿ ನಿಲ್ಲಿಸುವುದು. ಕೆಲವು ದಿನ ಬಿಟ್ಟು ಸುರುಳಿ ಬಿಚ್ಚಿ, ಎಷ್ಟು ಚೆನ್ನಾಗಿ ಮೊಳೆತಿವೆ, ಎಷ್ಟು ಸೊಟ್ಟಗಾಗಿವೆ, ಎಷ್ಟು ಸತ್ತಿವೆ ಎಂದು ಎಣಿಸಿ ಬರೆಯುವುದು. ಒಂದು ಅಂಕೆ ತಪ್ಪಿದರೆ ಎಲ್ಲೋ ಒಬ್ಬ ರೈತ ಮೊಳೆಯದ ಬೀಜ ಬಿತ್ತುತ್ತಾನೆ. ಇದು ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದದ್ದು, ಹಾವೇರಿಯಿಂದ ಬೆಳಗಿನ ರೈಲು ಹಿಡಿದು ಬಂದವನಿಗೆ ಹನ್ನೊಂದು ಗಂಟೆಗೆ ನಿದ್ದೆ ಬರುತ್ತದೆ ಎನ್ನುವುದು ಮಾತ್ರ.

ಸೇರಿದ ವಾರದಲ್ಲೇ ನಾನು ಒಂದು ಸುರುಳಿಯನ್ನು ಪೂರ್ತಿ ಬಿಚ್ಚದೆ, ಮೇಲೆ ಇಣುಕಿದ ಹಸಿರು ತುದಿಗಳನ್ನಷ್ಟೇ ನೋಡಿ, ತೊಂಬತ್ತೆರಡು ಎಂದು ಬರೆದೆ. ಕಾಕಾ ಬಂದು, ಸುರುಳಿ ಬಿಚ್ಚಿ, ಚಿಮಟದಿಂದ ಮೇಜು ಕುಟ್ಟಿದರು.

"ಬೇರು ನೋಡೀಯೇನು?"

"ತುದಿ ನೋಡೇನ್ರಿ ಕಾಕಾ."

"ತುದಿ ನೋಡಿ ಬೇರಿನ ಸುದ್ದಿ ಬರೀತಿ? ನೀ ಪೇಪರಿನ್ಯಾಗ ಇರಬೇಕಿತ್ತ ನೋಡು. ಕಂಡಷ್ಟ ಬರಿ ತಮ್ಮಾ. ಬಂದಿರಬೇಕು ಅನ್ನೋದು ಬ್ಯಾರೆ, ಬಂದೈತಿ ಅನ್ನೋದು ಬ್ಯಾರೆ."

ಎಣಿಸಿದೆ. ಎಪ್ಪತ್ತೊಂದು.

ಇಷ್ಟು ಕಟ್ಟುನಿಟ್ಟಿನ ಮನುಷ್ಯ ಸಡಿಲಾಗುತ್ತಿದ್ದದ್ದು ಒಂದೇ ವಿಷಯಕ್ಕೆ. ಕಂಪನಿಯಿಂದ ಹೂವಿನ ಬೀಜ ಕೊಳ್ಳುತ್ತಿದ್ದ ಜರ್ಮನಿಯವರು, ನಾನು ಇನ್ನೂ ಅಂಗನವಾಡಿಯಲ್ಲಿ ಮೂಗು ಸುರಿಸಿಕೊಂಡಿದ್ದ ಕಾಲದಲ್ಲಿ, ಕಾಕಾರನ್ನು ಒಂದೂವರೆ ತಿಂಗಳ ತರಬೇತಿಗೆ ಕರೆಸಿಕೊಂಡಿದ್ದರಂತೆ. ಊರಿನ ಹೆಸರು ಕ್ವೆಡ್ಲಿನ್‌ಬುರ್ಗ್. ಆ ಹೆಸರನ್ನು ಕಾಕಾ ಒಮ್ಮೆಯೂ ಎಡವದೆ ಹೇಳುತ್ತಿದ್ದರು. ಆಮೇಲೆ ದಿನವಿಡೀ ಬರೀ 'ಆ ಊರು'. ಸುರುಳಿ ಬಿಚ್ಚಬೇಕು, ಗಂಟಲಲ್ಲಿ ಒಂದು ಸಣ್ಣ ಕೆಮ್ಮು ಕೆಮ್ಮಬೇಕು, "ಆ ಊರಾಗ..." ಎಂದು ಶುರುವಾಗಬೇಕು.

"ಸಾವಿರ ವರ್ಷದ ಊರಲೇ ಅದು. ಅವರ ಮೊದಲನೇ ರಾಜನ ಗೋರಿ ಗುಡ್ಡದ ಮ್ಯಾಲೈತಿ. ಅಂವ ಸತ್ತ ಮ್ಯಾಲ ಅವನ ಹೇಂತಿ ಅಲ್ಲೇ ಹೆಣ್ಣಮಕ್ಕಳ ಮಠ ಕಟ್ಟಿಸಿದ್ಳು. ಮುಂದ ಎಂಟನೂರು ವರ್ಷ ಊರ ಆಳಿದವರು ಆ ಮಠದ ತಾಯಂದಿರು. ಸಂತಿ, ಸುಂಕ, ನ್ಯಾಯ, ಎಲ್ಲಾ ಅವರದ ಹುಕುಮ್. ಊರ ಗಂಡಸರು ಒಮ್ಮೆ ತಿರುಗಿ ಬಿದ್ರು."

"ಏನಾತ್ರಿ?"

"ಏನಾಕ್ಕೈತಿ? ಸೋತ್ರು."

"ನಮ್ಮ ಮನ್ಯಾಗೂ ಹಂಗ ಐತ್ರಿ ಕಾಕಾ," ಎಂದು ಪಕ್ಕದ ಮೇಜಿನಿಂದ ಒಬ್ಬರು ಅಕ್ಕ ಹೇಳುವರು. ಎಲ್ಲರೂ ನಗುವರು. ಬೀಜ ಎಣಿಸುತ್ತಲೇ ಇರುವೆವು.

ಹಾಗೆ, ಮಳೆಗಾಲದ ಟೊಮೆಟೊ ಬೀಜ ಮುಗಿಯುವ ಹೊತ್ತಿಗೆ ಆ ಊರು ನಮಗೆಲ್ಲ ಬಾಯಿಪಾಠವಾಗಿತ್ತು. ಮಠದ ಕಾಲ ಮುಗಿದ ಮೇಲೆ ಅಲ್ಲಿಯವರು ಬೀಜಕ್ಕೆ ಬಿದ್ದರು. ಊರ ಸುತ್ತ ಹೂವಿನ ಹೊಲ, ದೇವರಿಗೂ ಅಲ್ಲ ಮುಡಿಯುವುದಕ್ಕೂ ಅಲ್ಲ, ಬೀಜಕ್ಕೆಂದೇ ಬೆಳೆದದ್ದು. ಮನೆಗಳೆಲ್ಲ ಕಟ್ಟಿಗೆಯ ಚೌಕಟ್ಟು, ನಡುವೆ ಮಣ್ಣಿನ ಗೋಡೆ. ಒಂದರ ಹೆಗಲಿಗೆ ಒಂದು ಒರಗಿ ನಿಂತವು. ದೊಡ್ಡ ಯುದ್ಧದಲ್ಲಿ ಊರು ಬಹುಮಟ್ಟಿಗೆ ಉಳಿಯಿತು. ದೇಶ ಎರಡಾಗಿದ್ದಾಗ ಆ ಹಳೇ ಮನೆಗಳನ್ನೆಲ್ಲ ಕೆಡವಿ ಸಿಮೆಂಟಿನ ಊರು ಕಟ್ಟಬೇಕೆಂದು ಸರಕಾರ ಹೊರಟಿತು. "ಕಟ್ಟಾಕ ರೊಕ್ಕಿಲ್ಲ, ಕೆಡವಾಕೂ ರೊಕ್ಕಿಲ್ಲ," ಎಂದು ಕಾಕಾ ಚಿಮಟ ಎತ್ತುವರು. "ಹಂಗಾಗಿ ಊರು ಉಳೀತು."

"ಹಂಗಾರ ನಮ್ಮ ಹಿತ್ತಲ ಗ್ವಾಡಿನೂ ಸಾವಿರ ವರ್ಷ ಉಳೀತೈತಿ ಬಿಡ್ರಿ," ಎಂದು ನಾನು ಹೇಳಿದರೆ, "ನಿನ್ನ ಬಾಯಿ ಮುಚ್ಚಾಕ ಸುದ್ದಾ ಯಾರ ಕಡೇನೂ ರೊಕ್ಕಿಲ್ಲ," ಎನ್ನುವರು.

ನಮ್ಮ ಊರುಗಳ ಬಗ್ಗೆ ಅವರಿಗೆ ಅಷ್ಟು ಮಾತಿರಲಿಲ್ಲ. "ಹಾವೇರಿ ಅಂದ್ರ ಆಫೀಸಿನ ಕಾಗದ, ರಾಣೆಬೆನ್ನೂರಂದ್ರ ಬೀಜ, ಬ್ಯಾಡಗಿ ಅಂದ್ರ ಸೀನು. ಮುಗೀತು," ಎನ್ನುವರು. ಅವರು ಇದ್ದದ್ದು ಬ್ಯಾಡಗಿಯಲ್ಲಿ. ನಾನು ಹತ್ತಿದ ರೈಲಿಗೇ ಅಲ್ಲಿ ಹತ್ತುವರು. ಅಂಗಿಯ ಮಡಿಕೆಯಲ್ಲಿ ಮೆಣಸಿನಕಾಯಿಯ ಘಾಟು. ಅವರು ಕೂತರೆ ಎದುರು ಸೀಟಿನವರು ಸೀನುವರು. ಕಾಕಾ ಮಾತ್ರ ಸೀನಿದ್ದು ನಾನು ನೋಡಿಲ್ಲ.

ಇನ್ನು ನನ್ನ ಚಟದ ಮಾತು. ನನಗೆ ಯಾರಾದರೂ ಹತ್ತು ನಿಮಿಷ ಎದುರಿಗೆ ಕೂತರೆ ಅವರ ದನಿ ನನ್ನೊಳಗೆ ಬಂದು ಚಪ್ಪಲಿ ಬಿಡುತ್ತದೆ. ನಮ್ಮ ಮ್ಯಾನೇಜರು, ರೈಲಿನ ಟೀಸಿ, ಮೆಣಸಿನಕಾಯಿ ದಲಾಲಿ, ನನ್ನನ್ನು ನೋಡಿ ಬೇಡವೆಂದ ಹುಡುಗಿಯ ಅಪ್ಪ, ಎಲ್ಲರೂ ಬಂದಿದ್ದಾರೆ. ಆ ಅಪ್ಪನ ದನಿಯಲ್ಲಿ ನನ್ನನ್ನು ನಾನೇ ಎಷ್ಟು ಸಲ ಬೇಡವೆಂದಿದ್ದೇನೋ ಲೆಕ್ಕವಿಲ್ಲ. ಆ ವರ್ಷದ ಆಯುಧ ಪೂಜೆಗೆ ಲ್ಯಾಬಿನ ತಕ್ಕಡಿ, ಮೊಳಕೆ ಪೆಟ್ಟಿಗೆಗಳಿಗೆಲ್ಲ ಹೂ ಏರಿಸಿ, ಮಂಡಕ್ಕಿ ಮಿರ್ಚಿ ಹಂಚಿದ ಮೇಲೆ, "ಕಾಕಾನ್ನ ಮಾಡಲೇ," ಎಂದು ಎಲ್ಲರೂ ನನ್ನ ಬೆನ್ನು ಹತ್ತಿದರು. ಕಾಕಾ ಕೂಡ, "ಮಾಡು ಮಾಡು, ನಾನೂ ನೋಡ್ತೇನಿ ನಾ ಹೆಂಗ ಅದೇನಂತ," ಎಂದರು.

ದನಿ ಹಿಡಿಯುವವನು ಮಾತಿನ ಅರ್ಥ ಕೇಳುವುದಿಲ್ಲ. ಮಾತು ಎಲ್ಲಿ ನಿಂತು ಬರುತ್ತದೆ ಎಂದು ಕೇಳುತ್ತಾನೆ. ಕಾಕಾನ ಊರು ಯಾವಾಗಲೂ ಮೇಲಿನಿಂದ ಬರುತ್ತಿತ್ತು. ಗುಡ್ಡ ಸದಾ ಎಡಕ್ಕೆ, ಚರ್ಚಿನ ಗೋಪುರ ಸದಾ ಬಲಕ್ಕೆ. ಜನರಿಗೆ ಮುಖವೇ ಇರಲಿಲ್ಲ. ಟೊಪ್ಪಿಗೆ ಇತ್ತು, ಕೊಡೆ ಇತ್ತು, ಬೋಳುತಲೆ ಇತ್ತು. ಅಂಗಡಿಯ ಒಳಗಿನ ಒಂದು ವಾಸನೆಯಿಲ್ಲ, ಕಾಲಿಗೆ ತಾಗಿದ ಒಂದು ಕಲ್ಲಿಲ್ಲ. ನಾನು ಇದನ್ನೆಲ್ಲ ಯೋಚಿಸಿರಲಿಲ್ಲ. ದನಿ ಎಳೆದ ಕಡೆ ಮೈ ಹೋಯಿತು. ಎಣಿಸುವ ಮೇಜಿನ ಮೇಲೆ ಹತ್ತಿ ಕೂತೆ, ಎರಡೂ ಕೈಯಲ್ಲಿ ಇಲ್ಲದ ಕಿಟಕಿಯ ಸರಳು ಹಿಡಿದೆ, ಕೆಳಗೆ ಬಗ್ಗಿ ನೋಡುತ್ತ ಕೆಮ್ಮಿದೆ. "ಆ ಊರಾಗ... ನೋಡ್ರಿ, ಬೋಳತಲಿ ಬಂತು. ಕೊಡಿ ಹೋತು. ಗುಡ್ಡ ಇನ್ನೂ ಎಡಕ್ಕ ಐತಿ!" ಜನ ಬಿದ್ದು ಬಿದ್ದು ನಕ್ಕರು. ನಗೆ ಸಿಕ್ಕರೆ ನಾನು ನಿಲ್ಲುವವನಲ್ಲ. "ನಮ್ಮ ಕಾಕಾ ಜರ್ಮನಿಗೆ ಹೋಗಿ ಕಿಟಕ್ಯಾಗ ಕುಂತು ಬಂದಾರ್ರೀ!" ಎಂದುಬಿಟ್ಟೆ.

ಕಾಕಾ ಮೊದಲು ನಕ್ಕರು. ಆಮೇಲೆ ಕನ್ನಡಕ ತೆಗೆದರು. ಒರೆಸಿದರು, ಮತ್ತೆ ಒರೆಸಿದರು, ಹಾಕಿಕೊಳ್ಳಲಿಲ್ಲ.

ಮರುದಿನದಿಂದ ಎಣಿಸುವ ಮೇಜು ಸುಮ್ಮನಾಯಿತು. ಸುರುಳಿ ಬಿಚ್ಚುವರು, ಕೆಮ್ಮು ಕೂಡ ಬರುವುದು, ಆದರೆ ಮುಂದಿನ ಎರಡು ಪದ ಬರುತ್ತಿರಲಿಲ್ಲ. "ಕಾಕಾ, ಮಠದ ತಾಯಂದಿರು ಏನಾದ್ರು?" ಎಂದು ಅಕ್ಕ ಕೆಣಕಿದರೂ, "ಸತ್ರು," ಎನ್ನುವರು. ಅಷ್ಟೇ. ರೈಲಿನಲ್ಲಿ ಎದುರು ಕೂತರೂ ಕಿಟಕಿಯ ಕಡೆ ಮುಖ. ಯಾವ ಜಾಗದಲ್ಲಿ ಚುಚ್ಚಿದೆ ಎಂಬುದೇ ತಿಳಿಯದೆ ನಾನು ಎರಡು ಸಲ ತಪ್ಪಾಯಿತೆಂದೆ. ಒಂದು ಸಲ ಅದನ್ನೂ ಮ್ಯಾನೇಜರ ದನಿಯಲ್ಲಿ ಹೇಳಿದೆ, ನಗಲಿ ಎಂದು. ನಗಲಿಲ್ಲ.

ಚಳಿಗಾಲ ಕಳೆದು ಅವರ ನಿವೃತ್ತಿಗೆ ವಾರವಿದ್ದಾಗ, ಒಂದು ಮಧ್ಯಾಹ್ನ, ಚೆಂಡುಹೂವಿನ ಬೀಜ ಎಣಿಸುತ್ತ ತಲೆ ಎತ್ತದೆ ಹೇಳಿದರು.

"ನೀ ಅವತ್ತ ಹೇಳಿದ್ದು ಖರೇ ಐತಿ ತಮ್ಮಾ."

"ಏನ್ರಿ ಕಾಕಾ?"

"ಕಿಟಕಿ."

ಹೋದ ಎರಡನೇ ಬೆಳಿಗ್ಗೆಯೇ ಅದು ಆದದ್ದಂತೆ. ಪರದೇಶಕ್ಕೆಂದು ಹುಬ್ಬಳ್ಳಿಯಲ್ಲಿ ಕೊಂಡ ಹೊಸ ಬೂಟು, ಅಂಗೈಯಷ್ಟು ನುಣ್ಣನೆಯ ತಳ. ಹೊರಗೆ ಕಲ್ಲುಹಾಸಿನ ಮೇಲೆ ಮಂಜುಗಡ್ಡೆ. "ಆ ಊರಾಗ ನಾ ನಡೆದದ್ದು ಇಪ್ಪತ್ತೆರಡು ಹೆಜ್ಜಿ. ಬಿದ್ದಲ್ಲೇ ತಿರುಗಿ ಎಣಿಸೇನಿ." ಕಾಲು ಮುರಿದು, ಪ್ಲಾಸ್ಟರು ಹಾಕಿ, ಉಳಿದ ದಿನವೆಲ್ಲ ಒಬ್ಬ ಅಜ್ಜಿಯ ಮನೆಯ ಮಹಡಿಯ ಕೋಣೆಯಲ್ಲಿ ಮಲಗಿಸಿದರು. ಕಡೆಯ ದಿನ ಪ್ಲಾಸ್ಟರು ಬಿಚ್ಚಿ, ಬಾಗಿಲಿಗೇ ಕಾರು ತಂದು ಸ್ಟೇಷನ್ನಿಗೆ ಬಿಟ್ಟರು. ರಾಜನ ಗೋರಿ, ಮಠ, ಕೆಡವದೆ ಉಳಿದ ಬೀದಿ, ಎಲ್ಲವೂ ಆ ಅಜ್ಜಿ ಸಾರಿನ ಬಟ್ಟಲು ಹಿಡಿದು ಕಿಟಕಿಯ ಬಳಿ ನಿಂತು ತನ್ನ ಮುರುಕು ಇಂಗ್ಲಿಷಿನಲ್ಲಿ ತೋರಿಸಿದ್ದು. ಆಕೆಯ ಮನೆಯೂ ಕೆಡವಬೇಕಾದವುಗಳ ಪಟ್ಟಿಯಲ್ಲಿ ಇತ್ತಂತೆ.

"ಇಲ್ಲೆ ಬಂದು ಹೇಳಬೋದಿತ್ತಲ್ರಿ?"

"ಇಲ್ಲೆ ಇಳದ ಕೂಡ್ಲೆ ಸ್ಟೇಷನ್ನಿನ್ಯಾಗ ಮಾಲಿ ಹಾಕಿದ್ರಲೇ. ಊರು ಹೆಂಗೈತ್ರಿ ಅಂದ್ರು. ಕೊಳ್ಳಾಗ ಮಾಲಿ ಇಟಗೊಂಡು, ನೋಡಿಲ್ಲ ಅಂತ ಹೆಂಗ ಹೇಳ್ಲಿ?"

ಆಮೇಲೆ ಎಣಿಕೆಯ ಹಾಳೆಯೊಂದನ್ನು ನನ್ನ ಕಡೆ ತಳ್ಳಿದರು. ಅವರದೇ ಅಚ್ಚುಕಟ್ಟು ಅಕ್ಷರ. ಬೀಜದ ಹೆಸರು ಬರೆಯುವ ಜಾಗದಲ್ಲಿ ಆ ಊರಿನ ಹೆಸರು. ಹೇಳಿದ್ದು ನೂರು. ಕಂಡದ್ದು ಎಂಟು. ಕೇಳಿದ್ದು ತೊಂಬತ್ತೆರಡು. ಆಯುಧ ಪೂಜೆಯಿಂದ ಅವತ್ತಿನವರೆಗೆ ಅವರು ಸುಮ್ಮನಿದ್ದದ್ದು ಇದನ್ನು ಎಣಿಸುವುದಕ್ಕೆ.

"ಎಂಟ ಇದ್ರೇನಾತ್ರಿ, ಚಂದ ಇತ್ತಲ್ರಿ. ಮತ್ತ ಹೇಳ್ರಿ ಕಾಕಾ," ಎಂದೆ. ನನ್ನ ಸ್ವಂತ ದನಿಯಲ್ಲೇ ಎಂದೆ, ಅದಕ್ಕೇ ಸರಿಯಾಗಿ ಬರಲಿಲ್ಲ.

"ನೂರಕ್ಕ ಎಂಟು ಮೊಳೆತದ್ದು ಪಾಸ್ ಮಾಡ್ತಿಯೇನು ನೀ?"

ನಾನು ಮುಂದಿನ ಸುರುಳಿ ಬಿಚ್ಚಿದೆ. ಅವರು ಚಿಮಟ ಕೆಳಗಿಟ್ಟರು.

"ತಿರುಗಿ ಬರೋ ಮುಂಚಿನ ದಿನ ಆ ಅಜ್ಜಿ ಕೇಳಿದ್ಳು," ಎಂದರು, ದಣಿದ ದನಿಯಲ್ಲಿ. "ಈಗ ನೀ ನಿನ್ನ ಊರಿನ ಕತಿ ಹೇಳು ಅಂತ. ಸಂತಿ ಐತಿ ಅಂದೆ, ಸ್ಟೇಷನ್ ಐತಿ ಅಂದೆ, ಬೀಜ ಐತಿ, ಮೆಣಸಿನಕಾಯಿ ಐತಿ ಅಂದೆ. ಮುಂದ ನನಗ ಏನೂ ಬರಲಿಲ್ಲ. ಆಕಿ ಬಟ್ಟಲಾ ಹಿಡಕೊಂಡು ಕಾಯ್ದ ಕಾಯ್ದ್ಳು. ಇನ್ನೂ ಐತಿ ಅನ್ಕೊಂಡಿದ್ಳು. ಇಪ್ಪತ್ತೆರಡು ಹೆಜ್ಜಿ ನಡೆದ ಊರಿಂದು ಇಷ್ಟು ಹೇಳ್ತೇನಿ. ಹುಟ್ಟಿದಾಗಿಂದ ತಿರುಗ್ಯಾಡಿದ ಊರಿಂದು ನಾಕ ಮಾತು." ಹಾಳೆಯನ್ನು ಮಡಿಚಿ ನನ್ನ ಜೇಬಿಗೆ ಹಾಕಿದರು. "ಇನ್ ಮ್ಯಾಲ ಆ ಊರ ನೀ ಹೇಳು. ನಿನಗ ಸುಳ್ಳ ಹೇಳಾಕ ಲೈಸೆನ್ಸ್ ಐತಿ."

ಹೇಳಿದೆ. ನೌಕರಿ ಬಿಟ್ಟು ವೇದಿಕೆ ಹತ್ತಿದ ಮೇಲೆ ಆ ಊರನ್ನು ಎಷ್ಟು ಮದುವೆ, ಎಷ್ಟು ಕಾಲೇಜು ಗ್ಯಾದರಿಂಗ್‌ಗಳಲ್ಲಿ ಹೇಳಿದೆನೋ. ಪ್ರತಿ ಸಲ ಕೆಮ್ಮು ಸ್ವಲ್ಪ ದೊಡ್ಡದಾಯಿತು, ಗುಡ್ಡ ಇನ್ನಷ್ಟು ಎಡಕ್ಕೆ ಹೋಯಿತು. ರೈಲು ಬ್ಯಾಡಗಿಯಲ್ಲಿ ನಿಂತಾಗೆಲ್ಲ ಇಳಿದು ಮಾತಾಡಿಸಿ ಬರಬೇಕು ಅಂದುಕೊಳ್ಳುತ್ತಿದ್ದೆ. ಎರಡು ನಿಮಿಷ ನಿಲ್ಲುವ ರೈಲು...

ಕಡೆಗೆ ಇಳಿದದ್ದು ಅವರು ತೀರಿಕೊಂಡ ಮಾರನೆಯ ದಿನ. ಕಾಕಾನ ಹೆಂಡತಿ ಪಡಸಾಲೆಯಲ್ಲಿ ಕೂತಿದ್ದರು. "ಇವರ ದನಿ ಮಾಡಾವ್ರು ನೀವೇನ್ರಿ?" ಎಂದು ಕೇಳಿದರು. ಹೌದೆಂದೆ. "ಒಮ್ಮೆ ಅನ್ರಿ, 'ಆ ಊರಾಗ' ಅಂತ," ಎಂದರು.

ಎಷ್ಟೋ ವೇದಿಕೆಗಳಲ್ಲಿ ಗೆದ್ದ ದನಿ. ಕೆಮ್ಮಿದೆ, ಅಂದೆ.

ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ಆಮೇಲೆ ಮೆಲ್ಲಗೆ ತಲೆ ಅಲ್ಲಾಡಿಸಿದರು. "ಹಂಗಲ್ರಿ... ಅವ್ರು ಅಷ್ಟ ಜೋರ ಅಂತಿರಲಿಲ್ಲ." ನನ್ನ ಮೇಲೆ ಸಿಟ್ಟೇನೂ ಇರಲಿಲ್ಲ. ಚಹಾ ಕೊಟ್ಟು ಕಳಿಸಿದರು.

ಮೊನ್ನೆ ಅವ್ವನ ಅಡುಗೆಮನೆಯಲ್ಲಿ ಕೂತು ಮತ್ತೆ ಪ್ರಯತ್ನಿಸಿದೆ, ಮೆಲ್ಲಗೆ. ಬಂದದ್ದು ವೇದಿಕೆಯ ಕಾಕಾ. ಇನ್ನೂ ಮೆಲ್ಲಗೆ ಅಂದೆ. ವೇದಿಕೆಯ ಕಾಕಾ ಪಿಸುಗುಟ್ಟಿದಂತಾಯಿತು. ಅದರ ಕೆಳಗೆ, ಚಿಮಟ ಹಿಡಿದು ಕೂತಿದ್ದ ಆ ಮನುಷ್ಯನ ದನಿ ಎಲ್ಲಿ ಹೋಯಿತು... ಹುಡುಕುತ್ತ ಹುಡುಕುತ್ತ ನನ್ನ ಕೈ ತನ್ನ ಪಾಡಿಗೆ ತಾಟಿನಲ್ಲಿ ಮಡಕಿಕಾಳು ವಿಂಗಡಿಸತೊಡಗಿತ್ತು. ಮೊಳೆತವು ಈ ಕಡೆ, ಮೊಳೆಯದವು ಆ ಕಡೆ.

ಅವ್ವ ತಾಟು ಎಳೆದುಕೊಂಡಳು. "ಎಲ್ಲಾ ಒಂದ ಒಗ್ಗರಣಿಗೆ ಹೋಗೋವು. ಎಣಿಸಿ ಏನ್ ಮಾಡ್ತಿ?"

ಎರಡೂ ಗುಂಪು ಒಟ್ಟಿಗೆ ಬಾಣಲೆಗೆ ಬಿದ್ದವು. ಕಂಡಷ್ಟೇ ಬರಿ ಎಂದವರ ಬಗ್ಗೆ ನಾನು ಇಷ್ಟುದ್ದ ಬರೆದಿದ್ದೇನೆ. ಇದರಲ್ಲಿ ನೂರಕ್ಕೆ ಎಷ್ಟು ಅವರು, ಎಷ್ಟು ನನ್ನ ನಕಲು, ಸುರುಳಿ ಬಿಚ್ಚಿ ಹೇಳಬೇಕಾದವರು ಇಲ್ಲ.